ಮುಂದಿನ ಊರಿಲ್ಲದ ಊರು

ಜನವರಿ ೭, ೧೯೯೨, ಮಂಗಳವಾರ

ಇವತ್ತು ಬೆಳಿಗ್ಗೆ ಕಾಲುವೆ ಗೇಟಿಗೆ ಒಂದು ಗಾಡಿ ತೇಲಿ ಬಂದು ಸಿಕ್ಕಿಕೊಂಡಿತ್ತು. ಮೊಳದುದ್ದದ ಗಾಡಿ, ಜೋಳದ ದಂಟಿನಿಂದ ಮಾಡಿದ್ದು. ಸಣ್ಣವರಿದ್ದಾಗ ನಾವು ಆಡಲು ಮಾಡಿಕೊಳ್ಳುತ್ತಿದ್ದೆವಲ್ಲ, ಹಾಗೆಯೇ ಗಾಲಿ, ಮೂಕಿ ಎಲ್ಲ ಇದ್ದವು. ಆದರೆ ಇದು ಆಟದ್ದಲ್ಲ. ಒಳಗೆ ಬೇವಿನ ಸೊಪ್ಪು, ಹಸಿರು ಬಳೆ, ಅರಿಷಿಣ ಮೆತ್ತಿದ ಒಂದು ಕಲ್ಲು. ಅದರ ಸುತ್ತ ದನಗಳ ಮೂಗುದಾರಗಳು. ನಾನು ಬಗ್ಗಿ ನೋಡಿದೆ. ಒಂದನ್ನೂ ಬಿಚ್ಚಿರಲಿಲ್ಲ, ಎಲ್ಲವನ್ನೂ ಕೊಯ್ದಿದ್ದರು. ಒಳ್ಳೆಯ ಹಗ್ಗವನ್ನು ಯಾರಾದರೂ ಕೊಯ್ಯುತ್ತಾರೆಯೇ?

"ಯಾರದಪ್ಪಾ ಇದು?" ಎಂದು ಅಪ್ಪನನ್ನು ಕೇಳಿದೆ.

"ಮ್ಯಾಲಿನ ಊರವರದು. ಕಡ್ಲಿಹಾಳದ್ದಿರಬೇಕು. ಮುಟ್ಟಬ್ಯಾಡ."

"ಯಾಕ?"

"ಬಿ.ಎ. ಮಾಡಿದವರೆಲ್ಲ ಹಿಂಗ ಯಾಕ ಯಾಕ ಅಂತಾರೇನ?"

ಅಪ್ಪ ಗೇಟಿನ ಗಾಲಿ ತಿರುಗಿಸಿ ಎತ್ತಿದ. ಕೊಂಡಿ ಕೋಲಿನಿಂದ ಗಾಡಿಯನ್ನು ಮೆಲ್ಲಗೆ ನೂಕಿದ. ಅದು ಗೇಟಿನ ಕೆಳಗೆ ಒಮ್ಮೆ ತಲೆ ತಗ್ಗಿಸಿ, ಆಚೆ ಬದಿಯಲ್ಲಿ ಮೇಲೆದ್ದು, ಕೆಳಗಿನ ಊರ ಕಡೆ ಹೊರಟಿತು. ಅಪ್ಪ ಕೈ ಮುಗಿದ. ಆಮೇಲೆ ಕೋಲನ್ನು ಅದೇ ನೀರಿನಲ್ಲಿ ಜಾಲಿಸಿ, ನಾನು ತಂದ ಬುತ್ತಿ ಬಿಚ್ಚಿದ.

ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನ ಸಾಹೇಬರು ಅಪ್ಪನಿಗೆ ಈ ಗೇಟು ಒಪ್ಪಿಸಿದ ಮೇಲೆ ಊರಲ್ಲಿ ಅವನ ಹೆಸರೇ ಗೇಟಿನ ಅಂಬ್ರಪ್ಪ ಆಗಿದೆ. ಗೇಟಿನ ಬದಿಯ ಹುಲ್ಲಿನಲ್ಲಿ ಒಂದು ಹಿತ್ತಾಳೆಯ ಗಂಟೆ ಬಿದ್ದಿತ್ತು, ಚರ್ಮದ ಪಟ್ಟಿ ಸಮೇತ. ಗಾಡಿಯಿಂದ ಉದುರಿದ್ದಿರಬೇಕು. ಅಪ್ಪ ನೋಡದಂತೆ ಸೆರಗಿಗೆ ಕಟ್ಟಿಕೊಂಡು ಬಂದೆ. ಅಕ್ಕನ ಮನೆಯ ಆಕಳು ಕೆಂದಿ ಕರು ಹಾಕಿದರೆ ಅದರ ಕೊರಳಿಗೆ ಚೆನ್ನಾಗಿ ಒಪ್ಪುತ್ತದೆ.

ಜನವರಿ ೮, ಬುಧವಾರ

ಅವ್ವ ರೊಟ್ಟಿ ಬಡಿಯುವಾಗ ಗಾಡಿಯ ವಿಷಯ ಕೇಳಿದೆ. ಬಡಿಯುವ ಸದ್ದಿನಲ್ಲಿ ಕೇಳಿದರೆ ನನಗೆ ಸುಲಭ, ಮುಖ ನೋಡಬೇಕಾಗುವುದಿಲ್ಲ.

ದನಕ್ಕೆ ಬೇನೆ ಬಂದರೆ ಮರಗವ್ವ ಬಂದಿದ್ದಾಳೆ ಅಂತ ಅರ್ಥ. ಅವಳನ್ನು ಬಯ್ಯುವ ಹಾಗಿಲ್ಲ. ಬಳೆ, ಅರಿಷಿಣ ಕೊಟ್ಟು, ಗಾಡಿಯಲ್ಲಿ ಕೂರಿಸಿ, ಬೇನೆ ಬಿದ್ದ ದನಗಳ ಮೂಗುದಾರ ಕೊಯ್ದು ಜೊತೆಗಿಟ್ಟು, ಊರ ಗಡಿ ದಾಟಿಸಬೇಕು. ಮುಂದಿನ ಊರವರು ಅವರ ಗಡಿ ದಾಟಿಸಬೇಕು. ಹಾಗೇ ಊರಿಂದೂರಿಗೆ ಹೋಗಿ ಕೊನೆಗೆ ಮರಗವ್ವ ಹೊಳೆ ಸೇರುತ್ತಾಳೆ. ಹೊಳೆಗೆ ಯಾವ ಬೇನೆಯೂ ದೊಡ್ಡದಲ್ಲ.

"ಬಿಚ್ಚಿದ್ರ ಮತ್ತ ಕಟ್ಟಬಹುದಲ್ಲ ಅಂತ ಬ್ಯಾನಿ ಹೊಳ್ಳಿ ಬರ್ತದ. ಅದಕ್ಕ ಕೊಯ್ಯೋದು," ಎಂದಳು ಅವ್ವ.

ಎಷ್ಟು ಚೆಂದದ ಯೋಚನೆ. ಸುರಪುರದ ಕಾಲೇಜಿನಲ್ಲಿ ನಮ್ಮ ಕನ್ನಡ ಮೇಡಂ ಹೇಳುತ್ತಿದ್ದರು, ನಿಮ್ಮ ಊರಿನ ಮಾತು, ಪದ್ಧತಿ, ನೋಡಿದ್ದನ್ನೆಲ್ಲ ಬರೆದಿಡಿ ಅಂತ. ಆಗ ನಾನು ತಲೆಯಾಡಿಸಿದ್ದೆ. ಮೂರು ವರ್ಷ ಹಾಜರಿ ಕೂಗುವಾಗ ಒಮ್ಮೆಯೂ ಬಾಯಿಬಿಟ್ಟು ಉತ್ತರ ಕೊಟ್ಟವಳಲ್ಲ, ಕೈ ಎತ್ತುತ್ತಿದ್ದೆ. ಇದರ ಮೇಲೆ ಒಂದು ಲೇಖನ ಬರೆಯಬಹುದು.

ಗಾಡಿ ಮಾಡುವ ಮತ್ತು ಹೊರುವ ಹಕ್ಕು ನಮ್ಮ ಕೇರಿಯಲ್ಲಿ ನಮ್ಮ ಮನೆಯದೇ ಅಂತೆ. ನನಗೆ ಗೊತ್ತೇ ಇರಲಿಲ್ಲ.

"ಹಕ್ಕಂತ ಹಕ್ಕು!" ಎಂದಳು ಅವ್ವ. "ನಿಮ್ಮ ಮುತ್ಯಾ, ನಿಮ್ಮಪ್ಪನ ಅಪ್ಪ, ತಲಿಮ್ಯಾಲ ಹೊತ್ತು ಮುಂದಿನೂರ ಗಡಿಯಾಗ ಇಳಿಸೂ ಮುಂದ ಅಲ್ಲಿಯವರು ಕಾದು ಕುಂತಿರತಿದ್ರು. ಸಿಕ್ರ ಬಡಿಗಿಲೇ ಹೊಡೀತಿದ್ರು. ಒಂದ್ಸಲ ಮುತ್ಯಾನ ಕೈ ಮುರೀತು. ಆ ವರ್ಷ ಅವನ ಹೇಂತಿ, ನಿಮ್ಮ ಆಯಿ ಕರೆಮ್ಮನೇ ಗಾಡಿ ಹೊತ್ತಳು. ಹೆಣ್ಣುಮಗಳಿಗಿ ಹೊಡೀಲಿಲ್ಲ, ಬರೇ ಬೈದ್ರು."

"ಊರವರು ಯಾರೂ ಜೋಡಿ ಹೋಗ್ತಿರಲಿಲ್ಲೇನ?"

"ಯಾರ ಬರ್ತಾರ? ನಮ್ಮ ಮನಿಯವರು ಮುಟ್ಟಿದ ಗಾಡಿ. ಊರಾಗ ಬ್ಯಾರೆ ಯಾರೂ ಎತ್ತಂಗಿಲ್ಲ, ಇಳಸಂಗಿಲ್ಲ. ನಮ್ಮವರು ಎಲ್ಲಿ ಇಳಸ್ತಾರ, ಅಲ್ಲೇ." ರೊಟ್ಟಿಯನ್ನು ಹಂಚಿಗೆ ಹಾಕಿ ನೀರು ಸವರಿದಳು. "ಕಾಲುವಿ ಬಂದು ಪುಣ್ಯ ಕಟ್ಟಿಕೊಂಡಿತು. ಈಗ ನೀರಾಗ ಬಿಟ್ರ ತೀರಿತು. ಯಾರ ಬೆನ್ನೂ ಮುರಿಯೂದಿಲ್ಲ."

ಜನವರಿ ೧೧, ಶನಿವಾರ

ಮದೀನಾಬೀ ಆಯಿಯ ಮನೆಗೆ ಕುಪ್ಪಸ ಹೊಲಿಸಲು ಹೋಗಿದ್ದೆ. ಅವಳ ಗಂಡ ಮಕ್ತುಮ ಮುತ್ಯಾ ಕಟ್ಟೆಯ ಮೇಲೆ ಬಿಸಿಲು ಕಾಯುತ್ತಿದ್ದ. ನಿಜಾಮನ ಕಾಲದಲ್ಲಿ ಅವನು ಸಲೋತ್ರಿಯ ಹಿಂದೆ ಪೆಟ್ಟಿಗೆ ಹೊರುವ ಜವಾನನಾಗಿದ್ದ. ಸಲೋತ್ರಿ ಅಂದರೆ ಆಗಿನ ದನದ ಡಾಕ್ಟರು. ನಾನು ಏನೂ ಕೇಳಲಿಲ್ಲ. ಗಾಡಿಯ ವಿಷಯ ಆಯಿಗೆ ಹೇಳುತ್ತಿದ್ದೆ, ಅವನೇ ಕಿವಿ ಹಾಕಿದ.

"ನಮ್ಮ ಜಮಾನಾದಾಗ ಇದಕ್ಕ ಜುಲ್ಮಾನಿ, ದಂಡ ಇತ್ತು, ಬೇಟೀ. ಇಂಗ್ರೇಜಿಯವರ ಕಾಯದಿ. ಅವರ ನೋಡಿ ನಮ್ಮ ಸರಕಾರನೂ ಮಾಡ್ತು. ಬ್ಯಾನಿ ಬಿದ್ದ ಊರಿಂದ ಒಂದು ದನ ಹೊರಗ ಬರಬಾರದು, ಒಂದು ದನ ಒಳಗ ಹೋಗಬಾರದು. ಹಗ್ಗ, ಹುಲ್ಲು, ಸಗಣಿ, ಏನೂ ಗಡಿ ದಾಟಬಾರದು. ಸಂತಿ ಬಂದ್. ನಾ ಲಾಠಿ ಹಿಡಿದು ಗಡಿ ಕಲ್ಲಿನ ಮ್ಯಾಲ ಕುಂದರತಿದ್ದೆ, ತಹಶೀಲದಾರನಂಗ!"

"ತಹಶೀಲದಾರನಂತ!" ಎಂದಳು ಆಯಿ ಒಳಗಿನಿಂದ. "ಆಕಳ ಬಂದ್ರ ಗಿಡ ಏರತಿದ್ದ."

"ಸತ್ತದ್ದನ್ನ ಚರ್ಮ ಸೀಳಿ ಹೂಳಬೇಕಂತ ಇತ್ತು," ಎಂದ ಮುತ್ಯಾ. ದನಿ ಸ್ವಲ್ಪ ಇಳಿಯಿತು. "ಯಾರೂ ರಾತ್ರಿ ತೆಗೆದು ಸುಲೀಬಾರದಂತ. ಗಡಿ ಬಾಜೂಕ ಸಲೋತ್ರಿ ದಿನ್ನಿ ಅದಲ್ಲ, ಅಲ್ಲೇ ಹೂಳಿಸಿದ್ದು. ತೆಗ್ಗು ತೋಡಿದವ ನಿಮ್ಮ ಮುತ್ಯಾ, ಚರ್ಮ ಸೀಳಿದವ ನಾನು. ಚರ್ಮ ಹದ ಮಾಡೋದೇ ಅವನ ಹೊಟ್ಟಿಪಾಡು. ಅವನ ಕಣ್ಣ ಮುಂದ ಸೀಳಿದೆ. ಸಾಯೂತನಕ ನನ್ನ ಜೋಡಿ ಮಾತಾಡಲಿಲ್ಲ."

ನಾನು ಕೇಳಿದೆ, ಆ ಕಾಯದೆ ದನಗಳಿಗಾಗಿ ಇತ್ತೋ, ದೊರೆಗಳಿಗಾಗಿ ಇತ್ತೋ ಅಂತ.

"ಫೌಜಿನ ತೋಪು ಎಳಿಯೋ ಎತ್ತಿಗಿ ಬ್ಯಾನಿ ಹತ್ತಬಾರದಂತ ಮಾಡ್ಯಾರ ಅಂತ ಜನ ಅಂತಿದ್ರು. ನಿಜಾನೋ ಸುಳ್ಳೋ ಅಲ್ಲಾನಿಗೇ ಗೊತ್ತು. ಊರು ಮುಚ್ಚಿ ಹೋಗೋರು, ಔಷಧ ಯಾರೂ ಕೊಡ್ತಿರಲಿಲ್ಲ. ಜನ ನಮ್ಮನ್ನ ಕಂಡ್ರ ದನ ಅಡಿಗಿ ಮನ್ಯಾಗ ಬಚ್ಚಿಡತಿದ್ರು." ನಕ್ಕ. "ಆದ್ರ ಒಂದು ಮಾತು. ಕಾಯದಿ ಅಂತದ, ಇದ್ದಲ್ಲೇ ಇರು. ನಿಮ್ಮ ಮರಗವ್ವ ಅಂತಾಳ, ಮುಂದಕ್ಕ ನಡಿ. ಬ್ಯಾನಿ ಯಾರ ಮಾತು ಕೇಳ್ತದ ನೋಡು."

ಜೊಲ್ಲಿನಲ್ಲಿ ನೆಂದ ಹಗ್ಗದಲ್ಲೇ ಬೇನೆ ಸವಾರಿ ಮಾಡುತ್ತದೆ ಅಂತ ಅವನ ಸಲೋತ್ರಿ ಹೇಳುತ್ತಿದ್ದನಂತೆ. ತಂಬಾಕಿನ ಹೊಗೆ ಹಾಕಿದರೆ ಬೇನೆ ಓಡುತ್ತದೆ ಅಂತಲೂ ಹೇಳಿದ. ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು?

ಮನೆಗೆ ಬಂದು ಗೂಡಿನಲ್ಲಿಟ್ಟ ಗಂಟೆಯನ್ನು ನೋಡಿದೆ. ಮುಟ್ಟಲಿಲ್ಲ.

ಜನವರಿ ೧೪, ಮಂಗಳವಾರ

ಇನ್ನೊಂದು ಗಾಡಿ. ಈ ಸಲ ಬಳೆ ಕೆಂಪು. ಅಪ್ಪ ಗೇಟು ಎತ್ತಿ ನೂಕಿದ.

"ಇದು ಎಲ್ಲೀತನಕ ಹೋಗ್ತದಪ್ಪಾ?"

"ಹೊಳಿತನಕ."

"ನೀ ನೋಡೀಯೇನ?"

"ನನ್ನ ಹದ್ದು ಮುಂದಿನ ಗೇಟಿನ ತನಕ. ಅದರಾಚೆ ನೋಡಾಕ ನನಗ ಪಗಾರ ಕೊಡೂದಿಲ್ಲ."

ನೀರು ಅಂದಮೇಲೆ ಹೊಳೆಗೆ ಹೋಗಲೇಬೇಕು ಅಂತ ನಾನೂ ಅಂದುಕೊಂಡಿದ್ದೆ. ಎಲ್ಲರೂ ಹಾಗೇ ಅಂದುಕೊಂಡಿದ್ದಾರೆ. ಹಳ್ಳ ಹೊಳೆಗೆ ಹೋಗುತ್ತದೆ, ಸರಿ. ಕಾಲುವೆಯೂ ಹೋಗುತ್ತದೆಯೇ?

ಜನವರಿ ೧೮, ಶನಿವಾರ

ಮಲ್ಲಣ್ಣ ಸಾವಕಾರರ ಬಲಗಡೆಯ ಎತ್ತು ಬಾಯಿ ಚಪ್ಪರಿಸುತ್ತಿದೆ. ಬೆಳಿಗ್ಗೆ ನೀರು ತರುವಾಗ ಸದ್ದು ಕೇಳಿ ನಿಂತೆ. ಯಾರೋ ಹುಣಸೆಹಣ್ಣು ತಿನ್ನುತ್ತಿದ್ದಾರೆ ಅನ್ನಿಸಿತು. ಬಾಯಿಂದ ಜೊಲ್ಲು ದಾರದಂತೆ ನೆಲದವರೆಗೆ ಇಳಿದಿತ್ತು.

ಜನವರಿ ೨೦, ಸೋಮವಾರ

ಊರಲ್ಲಿ ಈಗ ಸುಮಾರು ಮನೆಗಳಲ್ಲಿ ಅದೇ ಸದ್ದು. ಶಹಾಪುರದಿಂದ ಪಶು ಆಸ್ಪತ್ರೆಯ ಕಂಪೌಂಡರ್ ಸೈಕಲ್ ಮೋಟಾರಿನಲ್ಲಿ ಬಂದರು. ಕಾಲುಬಾಯಿ ಬೇನೆ ಅಂದರು. ದೊಡ್ಡ ದನ ಸಾಮಾನ್ಯವಾಗಿ ಉಳಿಯುತ್ತವೆ, ವಾರಗಟ್ಟಲೆ ಮೇಯಲಾರವು, ನಡೆಯಲಾರವು. ಎಳೆಗರುಗಳು ಮಾತ್ರ ನಿಂತಲ್ಲೇ ಬಿದ್ದು ಸಾಯುತ್ತವೆ. ಬಾಯಿಗೆ ಹಚ್ಚಲು ಔಷಧ, ಗೊರಸು ತೊಳೆಯಲು ಪುಡಿ ಕೊಟ್ಟರು. ಊರಿಂದ ದನ, ಮೇವು, ಹಗ್ಗ ಹೊರಗೆ ಕಳಿಸಬೇಡಿ, ಹಳೆಯ ಹಗ್ಗ ಹೂಳಿರಿ ಅಂದರು. ಮಕ್ತುಮ ಮುತ್ಯಾ ಕಟ್ಟೆಯ ಮೇಲಿಂದ, "ನಾ ಹೇಳಿರಲಿಲ್ಲೇನ!" ಎಂದು ಕೂಗಿದ.

ಎಲ್ಲರೂ ಹೋದ ಮೇಲೆ ನಾನು ಅವರ ಸೈಕಲ್ ಮೋಟಾರಿನ ಹತ್ತಿರ ಹೋಗಿ ಕೇಳಿದೆ. ಬೇನೆ ಇಲ್ಲಿಗೆ ಹೇಗೆ ಬಂತು?

"ಸಂತಿಯಿಂದ ಬಂದಿರಬೇಕ್ರಿ. ಇಲ್ಲಾ ಹಗ್ಗ, ಚರ್ಮ, ಯಾರದರ ಕೈ, ಕಾಲು. ಯಾರ ಹೇಳಾಕಾಗ್ತದ?"

ಅಪ್ಪನ ಕೊಂಡಿ ಕೋಲು. ನನ್ನ ಗಂಟೆಯ ಚರ್ಮದ ಪಟ್ಟಿ. ಸಂತೆ. ನನಗೆ ತಿಳಿಯುವುದು ಸಾಧ್ಯವಿಲ್ಲ.

ಇನ್ನೊಂದು ಕೇಳಿದೆ. ಕಾಲುವೆಯ ಕೆಳಗಿನ ಊರು ಬನ್ನಿಗೋಳದಲ್ಲಿ ನಮ್ಮಕ್ಕನ ಆಕಳಿದೆ, ತುಂಬು ಗಬ್ಬ. ಲಸಿಕೆ ಹಾಕುತ್ತೀರಾ?

"ಬ್ಯಾರೆ ದನಕ್ಕ ಹಾಕ್ತೀವ್ರಿ, ಮುಂದಿನ ವಾರ ಬರ್ತೀವಿ. ದಿನ ತುಂಬಿದ್ದಕ್ಕ ಹಾಕೂದಿಲ್ಲ. ಅದರ ಹಂತ್ಯಾಕ ಬ್ಯಾನಿ ಹೋಗದಂಗ ನೋಡಿಕೊಳ್ರಿ, ಅಷ್ಟೇ."

ಕೆಂದಿಯನ್ನು ಕರುವಾಗಿದ್ದಾಗಿನಿಂದ ಸಾಕಿದವಳು ನಾನು. ಸುಂದ್ರಕ್ಕನ ಮದುವೆಯಲ್ಲಿ ತವರಿನಿಂದ ಕೊಟ್ಟದ್ದು ಅದೊಂದೇ. ಅಕ್ಕನ ಮನೆಯಲ್ಲಿ ಈಗ ಎಲ್ಲ ಮಾತೂ ಆ ಹುಟ್ಟದ ಕರುವಿನ ಸುತ್ತಲೇ.

ಸಂಜೆ ಊರವರು ಸೇರಿ ಮಾತಾಡಿಕೊಂಡರು. ಬರುವ ಮಂಗಳವಾರ ಅಲ್ಲ, ಅದರ ಮುಂದಿನ ಮಂಗಳವಾರ ಮರಗವ್ವನನ್ನು ಕಳಿಸುವುದು. ಅಲ್ಲಿಯವರೆಗೆ ಔಷಧ ಹಚ್ಚುವುದು. ಎರಡೂ ಇರಲಿ ಅಂತ.

(ನಾಳೆಯೇ ಮಂಗಳವಾರ. ಬರೆಯುವಾಗ ಗಮನಿಸಿದೆ. ಅಂದರೆ ಇಪ್ಪತ್ತೆಂಟಕ್ಕೆ.)

ಜನವರಿ ೨೨, ಬುಧವಾರ

ಕಾಲುವೆ ಎಲ್ಲಿ ಮುಗಿಯುತ್ತದೆ ಅಂತ ನೋಡಿಬಂದೆ.

ಬಸ್ಸಿನಲ್ಲಿ ಹೋಗಬಹುದಿತ್ತು. ಆದರೆ ಗಾಡಿ ಹೋದ ದಾರಿಯಲ್ಲೇ ಹೋಗಬೇಕು ಅನ್ನಿಸಿತು. ಬೆಳಿಗ್ಗೆಯೇ ಕಾಲು, ಚಪ್ಪಲಿ ಸೋಪು ಹಚ್ಚಿ ತೊಳೆದು, ಬೇರೆ ಸೀರೆ ಉಟ್ಟು, ಏರಿಯ ಮೇಲೆ ನಡೆದೆ. ಮೊದಮೊದಲು ಕಾಲುವೆ ಅಗಲವಾಗಿ, ಅವಸರದಲ್ಲಿರುತ್ತದೆ. ಎರಡೂ ಬದಿ ಶೇಂಗಾ, ಬತ್ತದ ಗದ್ದೆ. ಪ್ರತಿ ತೂಬಿನಲ್ಲೂ ಸ್ವಲ್ಪ ನೀರು ಹೊಲಕ್ಕಿಳಿಯುತ್ತದೆ, ಕಾಲುವೆ ಅಷ್ಟು ತೆಳ್ಳಗಾಗುತ್ತದೆ. ಬನ್ನಿಗೋಳ ಬರುವಷ್ಟರಲ್ಲಿ ಅದು ಮೊಣಕಾಲುದ್ದವೂ ಇರಲಿಲ್ಲ. ಊರು ದಾಟಿ, ಒಂದು ಕರಿಹೊಲದ ಮೂಲೆಯಲ್ಲಿ, ಜೇಕು ಹುಲ್ಲು ಬೆಳೆದ ಒಂದು ಮಡುವಿನಲ್ಲಿ ಅದು ನಿಂತುಬಿಟ್ಟಿತ್ತು. ಆಚೆ ಒಣ ನೆಲ, ಜಾಲಿ. ಹೊಳೆ ಇಲ್ಲ, ಹಳ್ಳವೂ ಇಲ್ಲ.

ಜೇಕಿನಲ್ಲಿ ಎರಡೂ ಗಾಡಿ ಇದ್ದವು. ಹಸಿರು ಬಳೆಯದು ಮತ್ತು ಕೆಂಪು ಬಳೆಯದು. ಒಂದರ ಪಕ್ಕ ಒಂದು, ಸಂತೆಯಲ್ಲಿ ಎತ್ತು ಬಿಚ್ಚಿ ನಿಲ್ಲಿಸಿದ ಗಾಡಿಗಳಂತೆ.

ನನಗೆ ನಗು ಬಂತು. ಆಮೇಲೆ ಏರಿಯ ಮೇಲೆ ಕೂತೆ.

ಅಕ್ಕನ ಮನೆಯ ಅಂಗಳದಲ್ಲಿ ಕೆಂದಿ ಕಟ್ಟಿತ್ತು. ನನ್ನ ದನಿ ಕೇಳಿ ಎದ್ದು, ಹಗ್ಗ ಎಳೆದು, ಕೊರಳು ಚಾಚಿತು. ನಾನು ಬಾಗಿಲಿನ ಹೊರಗೇ ನಿಂತೆ.

"ಯಾಕ, ಒಳಗ ಬಾ," ಎಂದಳು ಸುಂದ್ರಕ್ಕ.

"ನಮ್ಮೂರಾಗ ಬ್ಯಾನಿ ಅದ. ನಾ ಬರೂದಿಲ್ಲ."

"ನೀ ಏನ ಆಕಳೇನ, ಜೊಲ್ಲು ಸುರಸಾಕ?"

"ಕೈಯಾಗ, ಸೀರ್ಯಾಗ ಬರ್ತದಂತ."

"ಕೆಂದಿ ನೋಡು, ಹೆಂಗ ಮಾಡಾಕತ್ಯಾಳ. ಒಂದು ಕೈ ಆಡಿಸು. ನಿನ್ನ ಮಗಳಲ್ಲೇನ?"

ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಕೆಂದಿ ಸ್ವಲ್ಪ ಹೊತ್ತು ನೋಡಿ, ಮುಖ ತಿರುಗಿಸಿತು. ಅಕ್ಕನೂ ಮುಖ ತಿರುಗಿಸಿದಳು. ಬೀದಿಯಲ್ಲಿ ನಿಂತೇ ನೀರು ಕುಡಿದೆ.

ಅಕ್ಕನ ಗಂಡ ಖಂಡಪ್ಪ ಮಾವ ಹೊಲದಿಂದ ಬಂದ ಮೇಲೆ ಗಾಡಿಗಳ ವಿಷಯ ಕೇಳಿದೆ. ಅವನಿಗೆ ಗೊತ್ತು. ಊರಿಗೆಲ್ಲ ಗೊತ್ತು.

"ಮುಂದಕ್ಕ ಕಳಸಬೇಕಿಲ್ಲೋ ಮಾವ?"

"ಎಲ್ಲಿಗಿ ಕಳಸೋಣ? ನೀರಿಲ್ಲ. ಏರಿ ಆಚಿ ಜಾಲಿ ಕಂಟಿ. ಕಳಸೋರಿಗಿ ಮುಂದಿನ ಊರು ಅದ, ಶೇಖವ್ವ. ನಮಗ ಮುಂದ ಊರಿಲ್ಲ."

"ಮತ್ತ ಏನ ಮಾಡ್ತೀರಿ?"

"ಹಿರೇರು ಹೇಳ್ಯಾರ. ಮರಗವ್ವ ಒಂದ್ಸಲ ಬಂದ್ರ ದಾರಿಹೋಕಳು, ಎರಡ್ಸಲ ಬಂದ್ರ ಬೀಗತಿ, ಮೂರ್ಸಲ ಬಂದ್ರ ಮನಿಮಗಳು. ಮೂರನೇ ಗಾಡಿ ಬಂದ ದಿನ ಬೇವಿನ ಗಿಡಕ್ಕ ಕುಂದರಸ್ತೀವಿ. ಬಂದ ಹಗ್ಗ ಎಲ್ಲಾ ತೋರಣ ಕಟ್ಟಿ, ಊರಿನ ದನ ಎಲ್ಲಾ ಕೆಳಗ ಹಾಯಸ್ತೀವಿ. ಕೆಂದೀನ ಮೊದಲ ಹಾಯಸೋದು, ತುಂಬಿದಾಕಿ ಅಂತ."

ಅಕ್ಕ ಹೆಮ್ಮೆಯಿಂದ ಕೆಂದಿಯ ಬೆನ್ನು ಸವರುತ್ತಿದ್ದಳು.

ನಾನು ಹೇಳಬೇಕಾದದ್ದನ್ನೆಲ್ಲ ಹೇಳಿದೆ, ಹಗ್ಗ, ಜೊಲ್ಲು, ಕರು. ಮಾವ ಕೇಳಿಸಿಕೊಂಡ. ಮೂರನೆಯದು ಬಾರದಿದ್ದರೆ ಯಾರೂ ಜೇಕಿನ ಹತ್ತಿರ ಹೋಗುವುದಿಲ್ಲ, ಬಂದರೆ ಊರಿನ ಮಾತು ಮೀರುವುದು ತನ್ನ ಕೈಯಲ್ಲಿಲ್ಲ ಅಂದ. ಕೆಂದಿಗೆ ಮಡುವಿನ ನೀರು ಕುಡಿಸಬೇಡಿ, ಬೋರಿಂಗಿನದೇ ಕುಡಿಸಿ ಅಂದದ್ದಕ್ಕೆ ಅಕ್ಕ ಮುನಿಸಿನಲ್ಲೇ ಒಪ್ಪಿದಳು.

ವಾಪಸು ಬಸ್ಸಿಗೆ ಬಂದೆ. ಮೂರನೆಯ ಗಾಡಿ ನಮ್ಮದು.

ಜನವರಿ ೨೩, ಗುರುವಾರ

ಅಪ್ಪನಿಗೆ ಹೇಳಿದೆ. ಅವನು ಬೀಡಿ ಹಚ್ಚಿದ.

"ಹೊಳಿಗಿ ಹೋಗೂದಿಲ್ಲಾ?"

"ಇಲ್ಲಪ್ಪಾ. ಬನ್ನಿಗೋಳದ ಹೊಲದಾಗ ನಿಂತದ."

"ಇಷ್ಟು ವರ್ಷ ನೀರು ಬಿಟ್ಟೆ, ಎಲ್ಲಿ ಹೋಗ್ತದಂತ ನೋಡಲಿಲ್ಲ ನೋಡು." ಬೀಡಿ ಎಸೆದು, "ಎಲ್ಲಾ ನನ್ನ ಮಗಳ ಬಾಗಲಕ್ಕ ನೂಕೀನಿ," ಎಂದ.

ಅವ್ವ ಅಂದಳು, "ದೇವರ ಕೆಲಸದಾಗ ಬಾಯಿ ಹಾಕಬ್ಯಾಡ್ರಿ. ಗೇಟ್ ಎತ್ತಂಗಿಲ್ಲಂದ್ರ ಊರು ಬಿಡ್ತದೇನ? ಕ್ಯಾಂಪಿಗಿ ಹೋಗಿ ಹೇಳಿ ಇವರ ಕೆಲಸ ಬಿಡಸ್ತಾರ."

ಅಪ್ಪ ನನ್ನ ಕಡೆ ನೋಡಿದ. ಈ ವಿಷಯದಲ್ಲಿ ಏನು ಮಾಡಬೇಕು ಅಂತ ಅವನು ನನ್ನನ್ನು ಕೇಳುತ್ತಿದ್ದಾನೆಯೇ? ವಿಚಿತ್ರ.

ಜನವರಿ ೨೫, ಶನಿವಾರ

ಗಂಟಲು ಕೆರೆಯುತ್ತಿದೆ, ಯಾಕೋ. ಅವ್ವ ಉಪ್ಪುನೀರು ಕೊಟ್ಟಳು.

ಮಲ್ಲಣ್ಣ ಸಾವಕಾರರ ಕಟ್ಟೆಗೆ ಅಪ್ಪನನ್ನು ಕರೆದಿದ್ದರು. ನಾನೂ ಹೋದೆ. ನಾವು ಕಟ್ಟೆಯ ಕೆಳಗೆ ನಿಂತೆವು. ಸಾವಕಾರರು ಎತ್ತಿನ ಬಾಯಿಗೆ ಜೋಳದ ಅಂಬಲಿ ಹಾಕುತ್ತಿದ್ದರು, ಅಂಗೈಯಿಂದ, ಮಗುವಿಗೆ ಉಣಿಸುವ ಹಾಗೆ. ಅಂಗಿಯೆಲ್ಲ ಜೊಲ್ಲು.

"ಅಂಬ್ರಪ್ಪ, ಮಂಗಳವಾರ ಮುಂಜಾನಿ ಗಾಡಿ ತಯಾರಿರಲಿ. ಗೇಟ್ ಪೂರಾ ಎತ್ತು."

"ಸಾವಕಾರ್ರ, ಕಾಲುವಿ ಹೊಳಿಗಿ ಹೋಗೂದಿಲ್ಲಂತರಿ," ಎಂದ ಅಪ್ಪ.

"ಯಾರಂದ್ರು?"

ನಾನು ನೋಡಿದ್ದನ್ನು ಹೇಳಿದೆ. ಮಡು, ಜೇಕು, ಎರಡು ಗಾಡಿ, ಮೂರನೆಯದಕ್ಕೆ ಕಾಯುತ್ತಿರುವ ಬೇವಿನ ಗಿಡ.

"ಅದು ಅವರ ಹಣೇಬರ," ಎಂದರು ಒಬ್ಬರು. "ಕಡ್ಲಿಹಾಳದವರು ನಮ್ಮ ಬಗ್ಗೆ ಯೋಚನಿ ಮಾಡಿದ್ರೇನ?"

"ಮಾಡಲಿಲ್ರಿ. ಅದಕ್ಕ ನಿಮ್ಮ ಎತ್ತು ಹಿಂಗ ನಿಂತದ."

ಇದನ್ನು ನಾನೇ ಅಂದೆ. ಸಾವಕಾರರ ಕೈ ಎತ್ತಿನ ಬಾಯಿಯ ಹತ್ತಿರ ನಿಂತಿತು.

"ಮೂರು ದಿನ ಆತು, ಇದು ಒಂದು ಎಸಳು ತಿಂದಿಲ್ಲ," ಎಂದರು. ಸಿಟ್ಟಿಗಿಂತ ಅಳುವಿನ ದನಿ. "ನಿನ್ನ ಸರಕಾರದ ಕಾಯದಿ ಬಂದು ತಿನ್ನಸ್ತದೇನ? ಮರಗವ್ವ ಹೋಗಬೇಕು, ಅಂದ್ರ ಇದು ತಿಂತದ."

"ಅವ್ವ ಹೋಗಲಿ ಅಂತ ನಾನೂ ಅಂತೀನ್ರಿ. ಬನ್ನಿಗೋಳಕ್ಕ ಹೋಗೂದು ಬ್ಯಾಡ."

"ಗೇಟ್ ಎತ್ತಾಕ ಆಗೂದಿಲ್ಲಂದ್ರ ನಿಮ್ಮ ಮುತ್ಯಾನಂಗ ತಲಿಮ್ಯಾಲ ಹೊತಗೊಂಡು ಹೋಗ್ರಿ! ಕಾಲುವಿ ಬಂದು ನಿಮ್ಮ ತಲಿ ಹಗುರ ಆಗ್ಯಾವ, ಅದಕ್ಕ ಮಾತು ಬರಾಕತ್ಯಾವ."

ಕಟ್ಟೆಯ ಮೇಲಿದ್ದವರು ನಕ್ಕರು. ಅಪ್ಪ ನನ್ನ ತೋಳು ಹಿಡಿದು ಕರೆತಂದ. ದಾರಿಯಲ್ಲಿ ಒಂದೇ ಮಾತು, "ನಿಮ್ಮ ಮುತ್ಯಾನ ಕೈ ನೀ ನೋಡಿಲ್ಲ. ಸೊಟ್ಟ ಕೂಡಿತ್ತು. ಉಣ್ಣಾಕ ಬರ್ತಿರಲಿಲ್ಲ."

ನನಗೆ ನಾಲ್ಕು ಜನರ ನಡುವೆ ಮಾತಾಡಲು ಬರುವುದಿಲ್ಲ, ಅದಕ್ಕೇ ಕೆಲಸ ಕೆಟ್ಟಿತು. ಬೇರೆ ಯಾರಾದರೂ ಆಗಿದ್ದರೆ ಒಪ್ಪಿಸುತ್ತಿದ್ದರು.

ಜನವರಿ ೨೬, ಭಾನುವಾರ

ಎತ್ತಿನ ಬಾಯಿಯ ಮುಂದಿನ ಆ ಅಂಗೈ ಮತ್ತೆ ಮತ್ತೆ ನೆನಪಾಗುತ್ತಿದೆ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಆಗುತ್ತಿಲ್ಲ.

ಇನ್ನೊಂದು ನೆನಪಾಗುತ್ತಿದೆ. ತಲೆಯ ಮೇಲೆ ಹೊತ್ತುಕೊಂಡು ಹೋಗಿ ಅಂದದ್ದು. ಎಲ್ಲರ ಮುಂದೆ ಅಂದರು, ಎಲ್ಲರೂ ಕೇಳಿದ್ದಾರೆ.

ಸಂಜೆ ಮಕ್ತುಮ ಮುತ್ಯಾನ ಜೊತೆ ಸಲೋತ್ರಿ ದಿನ್ನೆಗೆ ಹೋಗಿದ್ದೆ. ನೋಡಬೇಕಿತ್ತು, ಅಷ್ಟೇ. ಗಡಿಕಲ್ಲಿನ ಈಚೆ, ನಮ್ಮ ಊರ ನೆಲದಲ್ಲೇ ಇದೆ. ಮೇಲೆ ತಂಗಡಿ ಗಿಡಗಳು ಹಳದಿ ಹೂ ಬಿಟ್ಟಿವೆ. ದನ ಆ ಕಡೆ ಮೇಯುವುದಿಲ್ಲ.

"ಇಲ್ಲೇ ನಿಮ್ಮ ಮುತ್ಯಾ ನಿಂತಿದ್ದ," ಎಂದು ಕೋಲಿನಿಂದ ತೋರಿಸಿದ. "ತೆಗ್ಗು ಚಲೋ ತೋಡಿದ್ದ. ಆಳ ಇತ್ತು." ಆಮೇಲೆ ನನ್ನ ಕೈಯಲ್ಲಿದ್ದ ಸಲಿಕೆ ನೋಡಿದ. ಯಾಕೆ ಅಂತ ಕೇಳಲಿಲ್ಲ. ಮಣ್ಣು ಮೆತ್ತಗಿರುವ ಜಾಗ ಹುಡುಕಿ, ಅಲ್ಲಿ ಕೋಲು ಊರಿ ನಿಂತ.

ತೆಗ್ಗು ತೋಡಿ ಅಂಗೈಯಲ್ಲಿ ಬೊಬ್ಬೆ ಬಂದಿವೆ. ಪೆನ್ನು ಹಿಡಿಯಲು ತ್ರಾಸು.

ಜನವರಿ ೨೭, ಸೋಮವಾರ

ಅಪ್ಪ ಮಧ್ಯಾಹ್ನವೆಲ್ಲ ಕೂತು ಗಾಡಿ ಮಾಡಿದ. ನಾನು ದಂಟು ಸೀಳಿ ಕೊಟ್ಟೆ. ದಂಟಿನ ಸಿಪ್ಪೆಯನ್ನು ಮುಳ್ಳಿನಿಂದ ಚುಚ್ಚಿ ಗಾಲಿಗೆ ಅರೆ ಕೂರಿಸುವುದನ್ನು ಎಷ್ಟು ನೋಡಿದರೂ ಸಾಲದು. ಇಷ್ಟು ಸೊಗಸಾದದ್ದನ್ನು ಊರಾಚೆ ಅಟ್ಟಲಿಕ್ಕೆಂದೇ ಮಾಡುತ್ತಾರಲ್ಲ, ಅದು ನನಗೆ ಇನ್ನೂ ತಿಳಿಯದ ವಿಷಯ. ಲೇಖನ ಬರೆಯುವುದಾದರೆ ಅಲ್ಲಿಂದ ಶುರು ಮಾಡಬೇಕು.

ಕಡ್ಲಿಹಾಳದ ಗಾಡಿಗಳಿಗೆ ತೇಲಲೆಂದು ಅಡಿಯಲ್ಲಿ ದಂಟಿನ ಕಟ್ಟು ಬಿಗಿದಿದ್ದರು. ಅಪ್ಪ ಅದನ್ನು ಬಿಗಿಯಲು ಮರೆತಿದ್ದಾನೆ. ಅಡಿ ಸಪಾಟಾಗಿದೆ, ತಲೆಯ ಮೇಲೆ ಕೂರುವ ಹಾಗೆ. ನೆನಪಿಸೋಣ ಅಂದುಕೊಂಡೆ, ಬಿಟ್ಟೆ. ಅಪ್ಪ ಮುಗಿಸಿ ಎದ್ದು, "ನಾಳಿ ಮುಂಜಾನಿ ನನಗ ಗೇಟಿಗಿ ಗ್ರೀಸ್ ಹಚ್ಚೂದದ. ತಡ ಆಗ್ತದ," ಎಂದು ಯಾರಿಗೋ ಹೇಳಿದಂತೆ ಹೇಳಿ ಹೊರಗೆ ಹೋದ.

ಮೂಗುದಾರಗಳು ಬಂದಿವೆ, ಮನೆಮನೆಯಿಂದ. ಸಾವಕಾರರ ಎತ್ತಿನದೂ ಇದೆ, ಇನ್ನೂ ಒದ್ದೆ. ಅಂಗಳದ ಮೂಲೆಯಲ್ಲಿ ಬುಟ್ಟಿ ಮುಚ್ಚಿ ಇಟ್ಟಿದ್ದೇವೆ. ಗೂಡಿನಲ್ಲಿದ್ದ ಗಂಟೆಯನ್ನೂ ಅದರೊಳಗೆ ಹಾಕಿದೆ. ಕೆಂದಿಯ ಕರು ಗಂಟೆಯಿಲ್ಲದೆ ಓಡಾಡಲಿ.

ಅವ್ವನ ಹತ್ತಿರ ಒಂದು ಹಳೆಯ ಸೀರೆಯ ತುಂಡು ಕೇಳಿದೆ. ಪೆಟ್ಟಿಗೆಯ ತಳದಿಂದ ಆಯಿಯ ಸೀರೆಯದು ತೆಗೆದುಕೊಟ್ಟಳು. ಸುತ್ತಿ ಸಿಂಬೆ ಮಾಡಿಕೊಂಡೆ. ತಲೆಯ ಮೇಲಿಟ್ಟು ನೋಡಿದೆ, ಸರಿಯಾಗಿ ಕೂತಿತು.

ಊರವರು ಬೈಯುತ್ತಾರೆ. ಅಪ್ಪನ ಕೆಲಸದ ಮಾತು ತೆಗೆಯುತ್ತಾರೆ. ಎತ್ತಿ ಕಾಲುವೆಗೆ ಹಾಕಿ ಅಂತ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ, ಆದರೆ ಎತ್ತಲು ಯಾರೂ ಕೈ ಹಾಕುವುದಿಲ್ಲ. ನಮ್ಮ ಮನೆಯವರು ಇಳಿಸಿದ್ದನ್ನು ಮುಟ್ಟುವ ಹಾಗಿಲ್ಲ. ಅದು ಅವರೇ ಮಾಡಿದ ಪದ್ಧತಿ. ಮರಗವ್ವನಿಗೆ ಬಳೆ ಇದೆ, ಅರಿಷಿಣ ಇದೆ, ತಂಗಡಿ ಹೂವಿನ ನೆರಳಿದೆ. ಕೂರಲು ನಮ್ಮ ಊರ ನೆಲವೇ ಇದೆ, ಹಗ್ಗ ಹೂಳಲು ತೆಗ್ಗಿದೆ.

ನಾಳೆ ಗಾಡಿ ನಾನು ಹೊರುತ್ತೇನೆ. ಕಟ್ಟೆಯ ಮುಂದೆಯೇ ಹಾದು ಹೋಗುತ್ತೇನೆ, ಸಲೋತ್ರಿ ದಿನ್ನೆಯವರೆಗೆ. ಅಲ್ಲಿಂದ ಮುಂದಕ್ಕಿಲ್ಲ.